ಪರರ ಬೆನ್ನೇರುವ ಚೀಲ

ಹಿಂದೆ ನಮ್ಮ ಮನೆಗಳಲ್ಲಿ ದೂರದ ಪ್ರಯಾಣವೆಂದರೆ ಅಟ್ಟದಿಂದ ಎರಡು ವಸ್ತುಗಳು ತಪ್ಪದೆ ಕೆಳಗಿಳಿಯುತ್ತಿದ್ದುವು. ಒಂದು ಕಬ್ಬಿಣದ ಟ್ರಂಕು, ಇನ್ನೊಂದು ಹೋಲ್ಡಾಲು. ಟ್ರಂಕಿನಲ್ಲಿ ರೇಷ್ಮೆ ಸೀರೆಗಳು, ಬೆಳ್ಳಿಯ ಕುಂಕುಮದ ಭರಣಿ, ತಿಂಡಿಯ ಡಬ್ಬಿಗಳು. ದಪ್ಪ ಕ್ಯಾನ್ವಾಸಿನ ಹೋಲ್ಡಾಲಿನೊಳಗೆ ಹಾಸಿಗೆ, ದಿಂಬು, ಕಂಬಳಿ, ಕೊನೆಯ ಗಳಿಗೆಯಲ್ಲಿ ನೆನಪಾದ ಸಕಲ ಸಾಮಗ್ರಿಗಳು. ಅದನ್ನು ಸುತ್ತಿ, ಮಂಡಿಯಿಂದ ಒತ್ತಿ, ಚರ್ಮದ ಪಟ್ಟಿಯನ್ನು ಎಳೆದು ಬಿಗಿಯುವುದು ಮನೆಯ ಗಂಡಸರ ಪೌರುಷಕ್ಕೆ ಒಂದು ಪರೀಕ್ಷೆಯಾಗಿತ್ತು. ಕಾಲ ಬದಲಾಯಿತು, ಹೋಲ್ಡಾಲು ಮರೆಯಾಯಿತು. ಆದರೆ ಅದರ ದೂರದ ನಂಟನೊಬ್ಬ ಈಗ ನಮ್ಮ ಮನೆಗಳನ್ನು ಪ್ರವೇಶಿಸಿದ್ದಾನೆ. ಅವನ ಹೆಸರು ಡಫಲ್ ಚೀಲ.

ಮೈಸೂರಿಗೋ ಮದರಾಸಿಗೋ ಹೋಗಿಬರುವವರಿಗೆ ಈ ಚೀಲದ ಚರ್ಚೆ ಅನಾವಶ್ಯಕ. ಆದರೆ ಈಚೆಗೆ ನಮ್ಮ ಊರುಗಳಿಂದ ಹಿಮಾಲಯದ ಕಾಲುದಾರಿಗಳಿಗೆ ಹೊರಡುವ ಕುಟುಂಬಗಳು ಹೆಚ್ಚುತ್ತಿವೆ. ಕೆಲಸದಲ್ಲಿರುವ ಮಗಳು, ಕಾಲೇಜಿನ ಮಗ, ನಿವೃತ್ತರಾದ ತಂದೆ, ಎಲ್ಲರೂ ಒಟ್ಟಾಗಿ ನೇಪಾಳಕ್ಕೆ ಹೋಗಿ ಎವರೆಸ್ಟಿನ ಬುಡದವರೆಗೆ ನಡೆದು ಬರುವುದು ಈಗ ಅಪರೂಪದ ಸಂಗತಿಯಲ್ಲ. ಅಂಥವರು ಮೊದಲು ಕೇಳುವ ಪ್ರಶ್ನೆ ಇದು: "ಎಂಥ ಚೀಲ ಕೊಳ್ಳಬೇಕು?"

ಅಂಗಡಿಯಾತನ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಇದು ಎಲ್ಲಕ್ಕಿಂತ ದೊಡ್ಡದು ಸಾರ್, ಹನ್ನೆರಡು ಜೇಬುಗಳಿವೆ, ಚಕ್ರಗಳೂ ಇವೆ, ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ" ಎಂದು ಆತ ಹೊಗಳುತ್ತಾನೆ. ಆತನ ಮಾತಿನಲ್ಲಿ ಎಲ್ಲವೂ ಇರುತ್ತದೆ, ಒಂದು ಪ್ರಶ್ನೆಯ ಹೊರತು: ಈ ಚೀಲವನ್ನು ಹೊರುವವರು ಯಾರು? ಚೀಲದ ಆಯ್ಕೆಗೆ ಸಂಬಂಧಿಸಿದ ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ಈ ಒಂದರಲ್ಲೇ ಅಡಗಿದೆ ಎಂಬುದನ್ನು ವಾಚಕರು ಮುಂದೆ ಕಾಣುವಿರಿ.

ಮೊದಲು ಹೆಸರಿನ ವಿಚಾರ. ಬೆಲ್ಜಿಯಂ ದೇಶದಲ್ಲಿ ಆಂಟ್ವರ್ಪ್ ನಗರದ ಬಳಿ ಡಫಲ್ ಎಂಬ ಊರಿದೆ. ಅಲ್ಲಿ ನೇಯುತ್ತಿದ್ದ ಒರಟು ಉಣ್ಣೆಬಟ್ಟೆಗೆ ಊರಿನ ಹೆಸರೇ ಬಂದಿತು. ಅದೇ ಹೆಸರು ಮುಂದೆ ಚೀಲಕ್ಕೂ ಅಂಟಿಕೊಂಡಿತು. ನಾವಿಕರೂ ಸೈನಿಕರೂ ತಮ್ಮ ಸರ್ವಸ್ವವನ್ನೂ ತುಂಬಿ ಹೆಗಲಿಗೇರಿಸುತ್ತಿದ್ದ ಉದ್ದನೆಯ ಕ್ಯಾನ್ವಾಸ್ ಚೀಲವೇ ಇಂದಿನ ಡಫಲ್‌ಗೆ ಪೂರ್ವಜ. ಗಟ್ಟಿಯಾದ ಚೌಕಟ್ಟಿಲ್ಲದ, ಉರುಳೆಯಾಕಾರದ, ಮೆತ್ತನೆಯ ಚೀಲ. ಇಷ್ಟೇ ಅದರ ಲಕ್ಷಣ. ಆ ಮೆತ್ತನೆಯ ಗುಣವೇ ಅದರ ಹಿರಿಮೆ. ಏಕೆಂಬುದನ್ನು ತಿಳಿಯಲು ದಾರಿಯನ್ನೊಮ್ಮೆ ನೋಡಬೇಕು.

೧೯೫೩ರಲ್ಲಿ ಹಿಲರಿ ಮತ್ತು ತೇನ್‌ಸಿಂಗರು ಎವರೆಸ್ಟನ್ನು ಏರಿದ ವರ್ಷ, ಅವರ ತಂಡದ ಸಾಮಾನುಗಳನ್ನು ಕಾಠ್ಮಂಡುವಿನ ಕಣಿವೆಯಿಂದ ಮುನ್ನೂರಕ್ಕೂ ಹೆಚ್ಚು ಹೊರೆಯಾಳುಗಳು ಬೆನ್ನಿನ ಮೇಲೆ ಹೊತ್ತು ನಡೆದರು. ೧೯೬೪ರಲ್ಲಿ ಹಿಲರಿಯವರ ಪ್ರಯತ್ನದಿಂದ ಲುಕ್ಲಾ ಎಂಬಲ್ಲಿ ವಿಮಾನ ಇಳಿಯುವ ಒಂದು ಪಟ್ಟಿ ಸಿದ್ಧವಾಯಿತು. ಇಂದು ಅದಕ್ಕೆ ತೇನ್‌ಸಿಂಗ್–ಹಿಲರಿ ವಿಮಾನ ನಿಲ್ದಾಣವೆಂದು ಹೆಸರು. ಸಮುದ್ರಮಟ್ಟದಿಂದ ಸುಮಾರು ೨,೮೬೦ ಮೀಟರು ಎತ್ತರದಲ್ಲಿ, ಬೆಟ್ಟದ ಇಳಿಜಾರಿನಲ್ಲಿರುವ ಆ ಓಡುಹಾದಿಯ ಉದ್ದ ೫೨೭ ಮೀಟರು ಮಾತ್ರ. ಅಲ್ಲಿಗೆ ಹೋಗುವವು ಇಪ್ಪತ್ತು ಜನರೂ ಹಿಡಿಸದ ಪುಟ್ಟ ವಿಮಾನಗಳು. ಆದುದರಿಂದ ಒಬ್ಬ ಪ್ರಯಾಣಿಕನಿಗೆ ಕೈಚೀಲವೂ ಸೇರಿ ಸಾಮಾನ್ಯವಾಗಿ ೧೫ ಕಿಲೋಗ್ರಾಮಿನಷ್ಟೇ ಸಾಮಾನಿಗೆ ಅವಕಾಶ.

ಲುಕ್ಲಾದಿಂದ ಮುಂದೆ ಮೋಟಾರು ರಸ್ತೆಯಿಲ್ಲ. ನಾಮ್ಚೆ ಬಜಾರಿನ ೩,೪೪೦ ಮೀಟರಿನಿಂದ ಎವರೆಸ್ಟ್ ಬುಡಬಿಡಾರದ ೫,೩೬೪ ಮೀಟರಿನವರೆಗೆ ಚೀಲವು ಮನುಷ್ಯರ ಬೆನ್ನಿನ ಮೇಲೋ, ಹೇಸರಗತ್ತೆ ಅಥವಾ ಯಾಕ್‌ಗಳ ಮೇಲೋ ಸಾಗಬೇಕು. ಪ್ರಾಣಿಯ ಮೇಲಾದರೆ ಎರಡು ಪಕ್ಕಗಳಲ್ಲಿ ಚೀಲಗಳನ್ನು ಹಗ್ಗದಿಂದ ಬಿಗಿಯುತ್ತಾರೆ. ಇಕ್ಕಟ್ಟಾದ ತಿರುವುಗಳಲ್ಲಿ ಅವು ಬಂಡೆಗೆ ಉಜ್ಜುತ್ತವೆ. ಮನುಷ್ಯನಾದರೆ ಎರಡು ಚೀಲಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿ, ನಾಮ್ಲೋ ಎಂಬ ಅಗಲವಾದ ಪಟ್ಟಿಯನ್ನು ಹಣೆಗೆ ಕೊಟ್ಟು, ಭಾರವನ್ನೆಲ್ಲ ಕುತ್ತಿಗೆ ಬೆನ್ನುಗಳ ಮೇಲೆ ತಾಳಿ ನಡೆಯುತ್ತಾನೆ. ಅಂಗಡಿಯಾತ ಹೊಗಳಿದ ಚಕ್ರಗಳು ಇಲ್ಲಿ ಏನು ಮಾಡುತ್ತವೆ? ಆ ಮನುಷ್ಯನ ಬೆನ್ನೆಲುಬನ್ನು ದಿನವಿಡೀ ಚುಚ್ಚುತ್ತವೆ. ಚಕ್ರವೂ ಚೌಕಟ್ಟೂ ಇರುವ ದೊಡ್ಡ ಚೀಲ ಬರಿದಾಗಿದ್ದಾಗಲೇ ಮೂರು ನಾಲ್ಕು ಕಿಲೋ ತೂಗುತ್ತದೆ. ಚಕ್ರವಿಲ್ಲದ ಡಫಲ್ ಒಂದೂವರೆ ಕಿಲೋದಲ್ಲಿ ಮುಗಿಯುತ್ತದೆ. ಉರುಳಿಸಲು ರಸ್ತೆಯೇ ಇಲ್ಲದ ಊರಿಗೆ ಚಕ್ರವನ್ನು ಹೊತ್ತುಕೊಂಡು ಹೋಗುವುದು ಎಲ್ಲಿಯ ಜಾಣತನ?

ಹೊರೆಯಾಳುಗಳ ಹಿತಕ್ಕಾಗಿ ಶ್ರಮಿಸುವ ಸಂಘಗಳು ನೇಪಾಳದಲ್ಲಿ ಒಬ್ಬನ ಮೇಲೆ ೩೦ ಕಿಲೋಗಿಂತ ಹೆಚ್ಚು ಭಾರ ಹೊರಿಸಬಾರದೆಂದು ಹೇಳುತ್ತವೆ. ಪ್ರವಾಸಿಗರು ತಲಾ ೧೫ ಕಿಲೋ ತುಂಬಿದರೆ ಎರಡು ಚೀಲಗಳಿಗೇ ಆ ಮಿತಿ ಮುಗಿಯಿತು. ಆತನ ಸ್ವಂತ ಹೊದಿಕೆ, ಬಟ್ಟೆಗಳ ಗತಿಯೇನು? ಆದುದರಿಂದ ಒಂದು ಚೀಲದ ತೂಕ ೧೨ ಕಿಲೋ ದಾಟಬಾರದೆಂದು ಮನೆಯಲ್ಲೇ ನಿಶ್ಚಯಿಸುವುದು ಒಳ್ಳೆಯದು. ಇದು ಸಾಧ್ಯವೇ ಎಂದು ಗೃಹಿಣಿಯರು ಸಂದೇಹಪಡಬಹುದು. ಲೆಕ್ಕ ಹೀಗಿದೆ: ಚೀಲದ ತೂಕ ಒಂದೂವರೆ ಕಿಲೋ, ಮಲಗುವ ಚೀಲ ಒಂದೂವರೆ, ತುಪ್ಪುಳಿನ ಕೋಟು ಒಂದು, ಉಣ್ಣೆಯ ಹಾಗೂ ಒಳ ಉಡುಪುಗಳು ಐದು, ಬಿಡಾರದಲ್ಲಿ ಹಾಕಿಕೊಳ್ಳುವ ಪಾದರಕ್ಷೆ ಒಂದು, ಸೋಪು, ಟವೆಲು ಮುಂತಾದುವು ಒಂದು. ಒಟ್ಟು ಹನ್ನೊಂದು. ಉಳಿದ ಒಂದು ಕಿಲೋ ಚಟ್ನಿಪುಡಿಗೂ ಕೋಡುಬಳೆಗೂ ಧಾರಾಳವಾಗಿ ಸಾಕು.

ಗಾತ್ರದ ವಿಚಾರವೂ ಇದೇ. ಈ ಚೀಲಗಳನ್ನು ಲೀಟರಿನಲ್ಲಿ ಅಳೆಯುವುದು ವಾಡಿಕೆ. ೪೦ ಸೆಂಟಿಮೀಟರು ವ್ಯಾಸ, ೭೦ ಸೆಂಟಿಮೀಟರು ಉದ್ದವಿರುವ ಉರುಳೆಯಲ್ಲಿ ಸುಮಾರು ೮೮ ಲೀಟರು ಹಿಡಿಸುತ್ತದೆ. ಎರಡು ವಾರಗಳ ಚಳಿಯ ಪ್ರಯಾಣಕ್ಕೆ ೮೦ರಿಂದ ೯೦ ಲೀಟರು ಯಥೇಷ್ಟ. ಅದಕ್ಕಿಂತ ದೊಡ್ಡದನ್ನು ಕೊಂಡರೆ ಖಾಲಿ ಜಾಗವನ್ನು ನೋಡಲಾರದೆ ಏನನ್ನಾದರೂ ತುರುಕುವುದು ನಮ್ಮ ಜನ್ಮಗುಣ. ಚೀಲ ಚಿಕ್ಕದಾದರೆ ಆಸೆಯೂ ಚಿಕ್ಕದಾಗುತ್ತದೆ.

ಇನ್ನು ಬಟ್ಟೆ. ನೂಲಿನ ದಪ್ಪವನ್ನು ಡೆನಿಯರ್ ಎಂಬ ಮಾನದಿಂದ ಹೇಳುತ್ತಾರೆ. ೯,೦೦೦ ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಒಂಬತ್ತು ಕಿಲೋಮೀಟರು ನೂಲು ಒಂದು ಕಿಲೋ ತೂಗಿದರೆ ಅದು ೧,೦೦೦ ಡೆನಿಯರ್. ಬಂಡೆ, ಹಗ್ಗಗಳ ತಿಕ್ಕಾಟವನ್ನು ತಾಳಬೇಕಾದ ಚೀಲಕ್ಕೆ ೬೦೦ರಿಂದ ೧,೦೦೦ ಡೆನಿಯರ್ ಬಟ್ಟೆ ತಕ್ಕುದು. ಬುಡಕ್ಕೆ ಎರಡು ಪದರಗಳಿದ್ದರೆ ಇನ್ನೂ ಲೇಸು. ನೈಲಾನು ಉಜ್ಜಾಟಕ್ಕೆ ಹೆಚ್ಚು ಗಟ್ಟಿ; ಪಾಲಿಯೆಸ್ಟರು ನೀರನ್ನು ಅಷ್ಟಾಗಿ ಹೀರದು, ಬಿಸಿಲಿಗೂ ಹೆಚ್ಚು ಕಾಲ ಬಾಳುತ್ತದೆ. ನೀರನ್ನು ತಡೆಯಲು ಬಟ್ಟೆಗೆ ಬಳಿಯುವ ಲೇಪಗಳಲ್ಲಿ ಪಿವಿಸಿ ಎಂಬುದು ಅಗ್ಗ, ಆದರೆ ಕಡುಚಳಿಯಲ್ಲಿ ಬಿರುಸಾಗುತ್ತದೆ. ಟಿಪಿಯು ಎಂಬುದು ಬೆಲೆಯಲ್ಲಿ ಹೆಚ್ಚು, ಚಳಿಯಲ್ಲಿಯೂ ಮೆತ್ತಗಿರುತ್ತದೆ.

"ನೀರು ಹೋಗುವುದಿಲ್ಲ" ಎಂಬ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು. ನೀರನ್ನು ಎದುರಿಸುವುದು ಬೇರೆ, ನೀರನ್ನು ಪೂರ್ತಿ ತಡೆಯುವುದು ಬೇರೆ. ನಮ್ಮ ಮಲೆನಾಡಿನ ರೈತನ ಕಂಬಳಿಕೊಪ್ಪೆಯನ್ನೇ ನೋಡಿ. ಮಳೆಯ ಹನಿಗಳನ್ನು ಅದು ಬಹಳ ಹೊತ್ತು ತಡೆಯುತ್ತದೆ. ಅದನ್ನೇ ಹೊಳೆಯಲ್ಲಿ ಮುಳುಗಿಸಿದರೆ ಒದ್ದೆಯಾಗದೆ ಬಿಡುವುದೇ? ಹೆಚ್ಚಿನ ಡಫಲ್ ಚೀಲಗಳೂ ಇದೇ ಜಾತಿಯವು. ಬಟ್ಟೆ ನೀರನ್ನು ಬಿಡದಿದ್ದರೂ ಹೊಲಿಗೆಯ ಸೂಜಿರಂಧ್ರಗಳೂ ಜಿಪ್ಪಿನ ಸಂದುಗಳೂ ಬಿಡುತ್ತವೆ. ಹೊಲಿಯದೆ ಬೆಸೆದ ಅಂಚು, ಮೂರು ನಾಲ್ಕು ಸುತ್ತು ಮಡಿಸಿ ಬಿಗಿಯುವ ಬಾಯಿ ಇರುವ ಚೀಲಗಳೂ ಇವೆ. ಹೊಳೆ, ದೋಣಿಗಳ ಪ್ರಯಾಣಕ್ಕೆ ಅವು ಅವಶ್ಯ. ಬೆಟ್ಟದ ದಾರಿಗೆ ಸಾಮಾನ್ಯ ಡಫಲ್ ಸಾಕು, ಆದರೆ ಒಂದು ನಿಯಮದೊಡನೆ: ಒದ್ದೆಯಾಗಬಾರದ ವಸ್ತುಗಳನ್ನು ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಬೇರೆ ಬೇರೆಯಾಗಿ ಕಟ್ಟಿಡಬೇಕು.

ಈ ನಿಯಮವನ್ನು ಹಗುರವಾಗಿ ಎಣಿಸಕೂಡದು. ಹಕ್ಕಿಯ ತುಪ್ಪುಳು ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುವುದರಿಂದ. ಅದು ನೆನೆದರೆ ಮುದ್ದೆಯಾಗಿ ಗಾಳಿ ಹೊರಹೋಗುತ್ತದೆ. ಮಲಗುವ ಚೀಲವಿದ್ದೂ ಇಲ್ಲದಂತಾಗುತ್ತದೆ. ಐದು ಸಾವಿರ ಮೀಟರು ಎತ್ತರದಲ್ಲಿ ಉಸಿರಿಗೆ ಸಿಕ್ಕುವ ಆಮ್ಲಜನಕ ನಮ್ಮ ಕರಾವಳಿಯಲ್ಲಿರುವುದರ ಸುಮಾರು ಅರ್ಧದಷ್ಟು. ರಾತ್ರಿಯ ಚಳಿ ಸೊನ್ನೆಗಿಂತ ಬಹಳ ಕೆಳಗೆ. ಅಂಥಲ್ಲಿ ಒದ್ದೆ ಹಾಸಿಗೆಯೆಂದರೆ ಬರಿಯ ಅನಾನುಕೂಲವಲ್ಲ, ಪ್ರಾಣಕ್ಕೇ ಅಪಾಯ.

ಜಿಪ್ಪಿನ ಕಡೆಗೂ ಗಮನವಿರಲಿ. ಚೀಲ ಕೈಕೊಡುವುದು ಮೊದಲು ಅಲ್ಲಿಯೇ. ಜಿಪ್ಪಿನ ಎಳೆಯುವ ಗುಂಡಿಯ ಹಿಂಭಾಗದಲ್ಲಿ ಹೆಚ್ಚಾಗಿ ಒಂದು ಅಂಕಿಯಿರುತ್ತದೆ. ೧೦ ಎಂದಿದ್ದರೆ ಮುಚ್ಚಿದ ಹಲ್ಲುಗಳ ಅಗಲ ಸುಮಾರು ೧೦ ಮಿಲಿಮೀಟರು. ಬಟ್ಟೆಬರೆಗಳಿಗೆ ೩, ೫ ನಡೆಯುತ್ತದೆ; ಇಂಥ ಚೀಲಕ್ಕೆ ೧೦ ಬೇಕು. ದಪ್ಪ ಹಲ್ಲುಗಳ ಜಿಪ್ಪು ಧೂಳಿಗೂ ಮಂಜುಗಡ್ಡೆಗೂ ಸುಲಭವಾಗಿ ಸೋಲದು, ಆದರೆ ಒಂದು ಹಲ್ಲು ಉದುರಿದರೆ ದಾರಿಯಲ್ಲಿ ಉಪಾಯವಿಲ್ಲ. ಸುರುಳಿಯ ಜಿಪ್ಪು ಬಾಯಿಬಿಟ್ಟರೂ ಹಿಂದೆ ಮುಂದೆ ಎಳೆದಾಗ ಎಷ್ಟೋ ವೇಳೆ ಮತ್ತೆ ಕೂಡಿಕೊಳ್ಳುತ್ತದೆ. ಯಾವುದಾದರೂ ಸರಿ, ಮೇಲೊಂದು ಬಟ್ಟೆಯ ಮುಚ್ಚಳವಿರಬೇಕು. ಎರಡು ಗುಂಡಿಗಳಿದ್ದರೆ ಬೀಗ ಹಾಕಲು ಅನುಕೂಲ. ಹಿಡಿಗಳು ಎರಡು ತುದಿಗಳಲ್ಲಿಯೂ ಇರಲಿ, ಅವುಗಳ ಪಟ್ಟಿಯು ಚೀಲದ ಬುಡವನ್ನು ಸುತ್ತಿಬಂದಿರಲಿ. ಜೇಬುಗಳ ಸಂಖ್ಯೆಗೆ ಮರುಳಾಗಬೇಡಿ. ಹೊರಗಿನ ಪ್ರತಿಯೊಂದು ಜೇಬೂ ಹಗ್ಗಕ್ಕೂ ಬಂಡೆಗೂ ಸಿಕ್ಕಿಕೊಳ್ಳುವ ಒಂದು ಕಿವಿ. ಬಣ್ಣ ಎದ್ದು ಕಾಣುವಂತಿರಲಿ, ಹೆಸರನ್ನು ಮಾಸದ ಶಾಯಿಯಲ್ಲಿ ಬರೆಯಿರಿ.

ಔಷಧಿ, ಪಾಸ್‌ಪೋರ್ಟು, ಹಣ, ಮಳೆಯಂಗಿ, ಒಂದು ಬೆಚ್ಚನೆಯ ಉಡುಪು, ಇವು ಡಫಲ್‌ನಲ್ಲಿ ಇರಕೂಡದು. ಹೊರೆಯಾಳು ನಿಮಗಿಂತ ಬೇಗನೆ ಮುಂದೆ ಹೋಗಿರುತ್ತಾನೆ, ಇಲ್ಲವೆ ಹಿಂದೆ ಉಳಿದಿರುತ್ತಾನೆ. ಹಗಲಿನಲ್ಲಿ ಬೇಕಾದುದು ನಿಮ್ಮದೇ ಹೆಗಲ ಚೀಲದಲ್ಲಿರಬೇಕು.

ಕೊಂಡ ಚೀಲವನ್ನು ಮನೆಯಲ್ಲೇ ಪರೀಕ್ಷಿಸಿ. ಒಳಗೆ ಹಳೆಯ ವರ್ತಮಾನಪತ್ರಿಕೆಗಳನ್ನು ತುಂಬಿ, ಬಚ್ಚಲಿನಲ್ಲಿಟ್ಟು ಕಾಲು ಗಂಟೆ ನೀರು ಸುರಿಯಿರಿ. ಯಾವ ಮೂಲೆಯ ಕಾಗದ ನೆನೆದಿದೆಯೋ ಅದೇ ಚೀಲದ ದೌರ್ಬಲ್ಯ. ಬಳಿಕ ೧೨ ಕಿಲೋ ತುಂಬಿ, ಮನೆಯ ಮಹಡಿಯ ಮೆಟ್ಟಿಲನ್ನು ಹತ್ತು ಬಾರಿ ಹತ್ತಿ ಇಳಿಯಿರಿ. ಹೊರುವವನ ಪಾಡು ಏನೆಂಬುದು ಹತ್ತನೆಯ ಬಾರಿಗೆ ತಾನಾಗಿಯೇ ತಿಳಿಯುತ್ತದೆ. ಬಿಡಲು ಮನಸ್ಸು ಬಾರದಿದ್ದ ಎರಡನೆಯ ಕೋಟನ್ನು ಸಂತೋಷದಿಂದಲೇ ಬೀರುವಿಗೆ ಹಿಂದಿರುಗಿಸುವಿರಿ.

ಪ್ರಯಾಣ ಮುಗಿದ ಮೇಲೆ ಚೀಲವನ್ನು ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಎತ್ತಿಡಬೇಕು. ನಮ್ಮ ಸೆಕೆ ತೇವಗಳಲ್ಲಿ ಮಡಿಸಿಟ್ಟ ಚೀಲದ ಪಾಲಿಯುರೆಥೇನ್ ಲೇಪ ಕೆಲವು ವರ್ಷಗಳಲ್ಲಿ ಜಿಗುಟಾಗಿ ಸುಲಿದುಹೋಗುತ್ತದೆ. ಜೀವನದಲ್ಲಿ ಒಮ್ಮೆ ಮಾತ್ರ ಹೋಗುವವರು ಹೊಸದನ್ನು ಕೊಳ್ಳಲೇಬೇಕೆಂದಿಲ್ಲ. ಬಂಧುಗಳಲ್ಲಿ ಕೇಳಿ ತಂದರೂ ನಡೆಯುತ್ತದೆ.

ಕೊನೆಯದಾಗಿ ಒಂದು ಮಾತು. ಪ್ರವಾಸ ಏರ್ಪಡಿಸುವವರೊಡನೆ ಹಣದ ಮಾತುಕತೆ ನಡೆಸುವಾಗ ಮೂರು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿ. ಒಬ್ಬ ಹೊರೆಯಾಳಿನ ಮೇಲೆ ಎಷ್ಟು ಕಿಲೋ ಹೊರಿಸುತ್ತೀರಿ? ಆತನಿಗೆ ಚಳಿಗೆ ತಕ್ಕ ಕೋಟು, ಪಾದರಕ್ಷೆಗಳಿವೆಯೇ? ಆತ ಕಾಯಿಲೆ ಬಿದ್ದರೆ ಕೆಳಗಿಳಿಸಿ ಚಿಕಿತ್ಸೆ ಕೊಡಿಸುವ ಏರ್ಪಾಡಿದೆಯೇ? ನಮ್ಮ ಬಟ್ಟೆ ನೆನೆಯದಿರಲೆಂದು ಇಷ್ಟೆಲ್ಲ ಯೋಚಿಸುವ ನಾವು, ಅದನ್ನು ಹೊತ್ತು ಮಳೆಯಲ್ಲಿ ನಡೆಯುವವನ ಮೈ ನೆನೆಯದಿರಲೆಂದೂ ಒಂದು ಗಳಿಗೆ ಯೋಚಿಸಬೇಡವೆ? ಚೀಲದ ಬೆಲೆಯಲ್ಲಿ ಸ್ವಲ್ಪ ಉಳಿಸಿ, ಹಿಂದಿರುಗುವಾಗ ಆತನ ಕೈಗೊಂದು ಒಳ್ಳೆಯ ಮಳೆಯಂಗಿ ಕೊಟ್ಟು ಬಂದರೆ, ಚೀಲದ ಆಯ್ಕೆ ಸಾರ್ಥಕವಾಯಿತೆಂದೇ ತಿಳಿಯಬಹುದು.