ಸಾಲದಿಂದ ಬೆಳೆಯದ ವಿಜ್ಞಾನ

ಖಾಸಗಿ ವಲಯದ ಸಂಶೋಧನೆಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲ ಒದಗಿಸಲು ಕೇಂದ್ರ ಸರ್ಕಾರ 2025ರಲ್ಲಿ 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ನೀಡಿರುವುದು, ತಡವಾದರೂ, ಸ್ವಾಗತಾರ್ಹ. ಸಂಶೋಧನೆ ಮತ್ತು ಅಭಿವೃದ್ಧಿಗೆ ಭಾರತ ಮಾಡಿದ ವೆಚ್ಚ 2020–21ರಲ್ಲಿ ಜಿಡಿಪಿಯ ಶೇ 0.64ರಷ್ಟಿತ್ತು. ಚೀನಾದಲ್ಲಿ ಅದು ಶೇ 2.4ನ್ನು ದಾಟಿದೆ, ದಕ್ಷಿಣ ಕೊರಿಯಾದಲ್ಲಿ ಶೇ 5ರ ಆಸುಪಾಸಿನಲ್ಲಿದೆ. ಈ ಅಂತರಕ್ಕೆ ಸರ್ಕಾರವನ್ನಷ್ಟೇ ದೂರುವುದು ವಾಡಿಕೆ. ಆದರೆ ಆ ಎರಡೂ ದೇಶಗಳಲ್ಲಿ ವೆಚ್ಚದ ಸುಮಾರು ಮುಕ್ಕಾಲು ಪಾಲು ಉದ್ಯಮಗಳದ್ದು. ನಮ್ಮಲ್ಲಿ ಶೇ 36ರ ಆಸುಪಾಸು. ಸಂಶೋಧನೆಗೆ ಸುರಿದ ಹಣದ ಎರಡುಪಟ್ಟನ್ನು ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕುವ ಸವಲತ್ತಿದ್ದ ವರ್ಷಗಳಲ್ಲೂ ದೇಶದ ಒಟ್ಟು ಪ್ರಮಾಣ ಏರಲಿಲ್ಲ. ಸಾಲಕ್ಕೂ ಅದೇ ಗತಿ ಬಾರದಿರಬೇಕಾದರೆ, ಪಡೆದ ಕಂಪನಿಗಳು ಸಂಶೋಧನೆಯ ಖರ್ಚನ್ನು ವರ್ಷವರ್ಷವೂ ಬಹಿರಂಗಪಡಿಸುವ ಕಟ್ಟುಪಾಡು ಬೇಕು.

ಮಂಗಳಯಾನವನ್ನು ಸುಮಾರು 450 ಕೋಟಿ ರೂಪಾಯಿಯಲ್ಲಿ ಸಾಧಿಸಿದ ದೇಶಕ್ಕೆ ಹೆಚ್ಚು ಹಣವೇಕೆ ಎಂಬ ವಾದವುಂಟು. ಗುರಿ ನಿಚ್ಚಳವಾಗಿರುವ ಯೋಜನೆಗೆ ಮಿತವ್ಯಯ ಒಗ್ಗುತ್ತದೆ, ಫಲ ಎಂದೆಂದು ಹೇಳಲಾಗದ ಮೂಲವಿಜ್ಞಾನಕ್ಕಲ್ಲ. ಅಂಥ ಸಂಶೋಧನೆ ಸಾಲ ತೀರಿಸಲಾರದು. ಆದ್ದರಿಂದ ಈ ನಿಧಿಯ ನೆಪದಲ್ಲಿ ವಿಶ್ವವಿದ್ಯಾಲಯಗಳ ಅನುದಾನಕ್ಕೆ ಕತ್ತರಿ ಬೀಳಕೂಡದು.