ಒರೆಗೆ ಹಚ್ಚುವ ಮುನ್ನ ಒರೆಯನ್ನು ನೋಡಿ

ಭಟ್ಕಳದಿಂದ ಕುಮಟಾವರೆಗಿನ ನಮ್ಮ ಕರಾವಳಿಯಲ್ಲಿ ಬೆಳ್ಳಿಪಟ್ಟಿ ಸುತ್ತಿದ ಒರೆಯೊಳಗೆ ಹಳೆಯ ಬಾಗುಗತ್ತಿಯೊಂದು ಕಂಡರೆ ಸಾಕು, ಅದರ ವಂಶಾವಳಿ ಮೊದಲೇ ತಯಾರಿರುತ್ತದೆ: ಕುದುರೆ ಮಾರಲು ಬಂದ ಅರಬರು ಬಿಟ್ಟುಹೋದದ್ದು. ಮಾರುವವನು ಚುರುಕಾಗಿದ್ದರೆ 'ಬೆದೂಯಿನ್' ಎಂಬ ಚೀಟಿಯನ್ನೂ ಅಂಟಿಸುತ್ತಾನೆ, ಬೆಲೆ ಏರುತ್ತದೆ.

ಈ ನಂಬಿಕೆ ಪೂರಾ ಗಾಳಿಮಾತೇನಲ್ಲ. ವಿಜಯನಗರದ ಲಾಯಗಳಿಗೆ ಹೋಗುವ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಅಲ್ಲಿ ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್. ಆದರೂ ನನ್ನದೊಂದು ವಿನಯದ ತಕರಾರು. ಕುದುರೆ ಹಡಗುಗಳು ಹೊರಡುತ್ತಿದ್ದದ್ದು ಹೊರ್ಮುಜ್‌ನಂಥ ಬಂದರುಗಳಿಂದ; ಬೆದೂಯಿನ್ ಎಂದರೆ ಒಂಟೆ ಮೇಯಿಸುತ್ತ ಮರಳುಗಾಡಿನಲ್ಲಿ ಅಲೆಯುವವನು. ಬಂದರಿನ ವರ್ತಕನೂ ಅವನೂ ಒಬ್ಬನೇ ಅಲ್ಲ. ಕಾಲವೂ ಹೊಂದುವುದಿಲ್ಲ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆ ವ್ಯಾಪಾರದ ಬೆನ್ನು ಮುರಿಯಿತು. ಇಂದು ಬೆದೂಯಿನ್ ಹೆಸರಿನಲ್ಲಿ ಕೈ ಬದಲಾಯಿಸುವ ಕತ್ತಿಗಳಲ್ಲಿ ಬಹುಪಾಲು ಹದಿನೆಂಟರಿಂದ ಇಪ್ಪತ್ತನೇ ಶತಮಾನದವು. ನಡುವಿನ ಇನ್ನೂರು ವರ್ಷಕ್ಕೆ ಯಾರು ಜಾಮೀನು?

ಸಂಗ್ರಾಹಕರು ಇದಕ್ಕೆ ಕೊಡುವ ಉತ್ತರ, ಅಲಗು ನೋಡಿ ಎಂದು. ಅಲಗೇ ಕತ್ತಿ, ಉಳಿದದ್ದೆಲ್ಲ ಉಡುಪು. ನನಗೆ ಇದೂ ಒಪ್ಪಿಗೆಯಿಲ್ಲ, ಏಕೆಂದರೆ ಕತ್ತಿಯಲ್ಲಿ ಅಲಗಿನಷ್ಟು ಊರೂರು ತಿರುಗುವ ಭಾಗ ಬೇರೆ ಇಲ್ಲ. ಅರಬಸ್ತಾನದ ಕತ್ತಿಗಳಲ್ಲಿ ಪರ್ಷಿಯದ ಅಲಗು, ಯುರೋಪಿನ ಅಲಗು, ನಮ್ಮ ದಖ್ಖನಿನ ಅಲಗು ಎಲ್ಲವೂ ಸಿಗುತ್ತವೆ. ಈಗ ತೆಲಂಗಾಣದಲ್ಲಿರುವ ಕೋನಸಮುದ್ರಕ್ಕೆ ಉಕ್ಕು ಕೊಳ್ಳಲು ಪರ್ಷಿಯದ ವರ್ತಕರೇ ಬಂದು ಕೂರುತ್ತಿದ್ದರು. ಎದುರು ದಿಕ್ಕಿನ ಉದಾಹರಣೆ ಟಿಪ್ಪುವಿನದು: 2023ರ ಮೇನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋದ ಅವನ ಶಯನಗೃಹದ ಕತ್ತಿಯ ಅಲಗು ಜರ್ಮನ್ ಅಲಗುಗಳ ಮಾದರಿಯದು ಎಂದು ಹರಾಜುದಾರರೇ ಹೇಳಿದ್ದರು. ಹಾಗೆಂದು ಅದು ಜರ್ಮನಿಯ ಕತ್ತಿಯಾಯಿತೇ?

ನಮ್ಮ ಕರಾವಳಿಯ ಮಿರ್ಜಾನ ಕೋಟೆಯನ್ನೇ ನೋಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯದ್ದು ಎಂದು ನಾವೆನ್ನುತ್ತೇವೆ; ಬಿಜಾಪುರದ ಶರೀಫ್ ಉಲ್ ಮುಲ್ಕ್ ಕಟ್ಟಿಸಿದ್ದು ಎನ್ನುವವರೂ ಇದ್ದಾರೆ. ಪುರಾತತ್ವ ಇಲಾಖೆ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನೀ ಪಿಂಗಾಣಿ, ತೋಪಿನ ಗುಂಡುಗಳು ಸಿಕ್ಕವು. ಪಿಂಗಾಣಿ ಸಿಕ್ಕಿತೆಂದು ಕೋಟೆಯನ್ನು ಯಾರೂ ಚೀನಾದ ಲೆಕ್ಕಕ್ಕೆ ಬರೆಯಲಿಲ್ಲ. ಕತ್ತಿಯ ವಿಷಯದಲ್ಲಿ ಮಾತ್ರ ನಮಗೆ ಈ ವಿವೇಕ ಕೈಕೊಡುತ್ತದೆ.

ಹಾಗಾದರೆ ನೋಡಬೇಕಾದದ್ದು ಏನು? ಎಲ್ಲರೂ ಕಡೆಗಣಿಸುವ ಒರೆ. ಒರೆ ಬೇಗ ಸವೆಯುತ್ತದೆ, ಹರಿಯುತ್ತದೆ, ಹೊಸದಾಗುತ್ತದೆ. ಕತ್ತಿಯ ಬಾಗು ಒಂದು, ಒರೆಯ ಬಾಗು ಇನ್ನೊಂದು ಇದ್ದರೆ 'ಜೋಡಿ ತಪ್ಪಿದೆ' ಎಂದು ಬೆಲೆ ಇಳಿಸುತ್ತಾರೆ. ಬೆಲೆ ಅವರದಿರಲಿ, ಕತ್ತಿಯನ್ನು ಕೊನೆಗೆ ಹೊತ್ತವನು ಯಾರು, ಹೇಗೆ ಹೊತ್ತ ಎಂಬುದಕ್ಕೆ ಉಳಿದಿರುವ ಸಾಕ್ಷಿ ಆ ಬದಲಾದ ಒರೆಯೇ. ಅರಬ್ ಒರೆ ಎಂದರೆ ಸಾಮಾನ್ಯವಾಗಿ ಮರ, ಮೇಲೆ ಚರ್ಮ, ಲೋಹದ ಪಟ್ಟಿಗಳು, ಎರಡು ಬಳೆ. ಬಳೆಗಳಿಗೆ ಹುರಿ ಕಟ್ಟಿ ಹೆಗಲಿಗೆ ಇಳಿಬಿಡುತ್ತಿದ್ದರು. ಬಳೆಯ ಒಳಮೈ ಒಂದೇ ಕಡೆ ಸವೆದಿದ್ದರೆ ಆ ಕತ್ತಿ ನಿಜವಾಗಿ ತೂಗಾಡಿದೆ. ಸವೆಯದಿದ್ದರೆ ಗೋಡೆಯ ಮೇಲೆ ಕಾಲ ಕಳೆದಿರುವ ಸಂಭವವೇ ಹೆಚ್ಚು. ಕೊಡವರ ಒಡಿಕತ್ತಿಗಾದರೋ ಒರೆಯೇ ಇಲ್ಲ, ಬೆನ್ನ ಹಿಂದಿನ ಹಿತ್ತಾಳೆಯ ತೊಡಂಗಿನಲ್ಲಿ ಬರಿ ಅಲಗು ನಿಲ್ಲುತ್ತದೆ. ನಮ್ಮಲ್ಲಿ ಅಡಿಕೆ ಕೊಯ್ಯುವವನ ಸೊಂಟದ ಕೊಕ್ಕೆಯೂ ಅದೇ ಬುದ್ಧಿಯದು. ಅಲಗು ಎಲ್ಲಿಂದಲೋ ಬಂದೀತು, ಹೊರುವ ಕ್ರಮ ಮಾತ್ರ ಹೊತ್ತವನ ನೆಲದ್ದು.

ಮನೆಯಲ್ಲಿ ಅಂಥದ್ದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಗುರುತೆಲ್ಲ ತೊಳೆದುಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಚರ್ಮದ ಒರೆ ತೇವ ಹೀರಿ ಅಲಗಿಗೆ ತುಕ್ಕು ಹಿಡಿಸುವುದರಿಂದ ಎರಡನ್ನೂ ಬೇರೆಬೇರೆಯಾಗಿ, ಆದರೆ ಒಟ್ಟಿಗೇ ಇಡಿ.

ಇನ್ನು ಹೊತ್ತು ತಿರುಗುವ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿಯ ದಾರಿ ಇಟ್ಟಿದೆ. ಮೆರವಣಿಗೆಯಲ್ಲಿ ಝಳಪಿಸಲು ಅದನ್ನು ನಂಬಬೇಡಿ. ಗಲ್ಫಿನ ಅಂಗಡಿಯಲ್ಲಿ ಕೊಂಡ ಹೊಸ ಹರಿತದ ಕತ್ತಿಗೆ ಆ ದಾರಿಯೂ ಇಲ್ಲ. ಆಯುಧವನ್ನು ದೇಶದೊಳಗೆ ತರಲು ಪರವಾನಗಿ ಕೇಳುವುದು ಇದೇ ಕಾಯ್ದೆ. 1972ರ ಪುರಾವಸ್ತು ಕಾಯ್ದೆ ಇನ್ನೂ ಸ್ವಾರಸ್ಯದ್ದು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತು ಪುರಾವಸ್ತು ಎನ್ನುವ ಅದು, ವಸ್ತು ಎಲ್ಲಿ ತಯಾರಾಯಿತೆಂದು ಕೇಳುವುದೇ ಇಲ್ಲ, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸಲೂ ಬಿಡುವುದಿಲ್ಲ. ಅಂದರೆ ಮಿರ್ಜಾನದ ಯಾವುದೋ ಅಟ್ಟದ ಮೇಲೆ ನಿಜಕ್ಕೂ ನೂರು ವರ್ಷ ದಾಟಿದ ಒಂದು ಬೆದೂಯಿನ್ ಕತ್ತಿ ಇದ್ದದ್ದೇ ಆದರೆ, ಅದರ ಯಜಮಾನರು ಅದನ್ನು ರಿಯಾದಿನ ನೆಂಟರಿಗೆ ಉಡುಗೊರೆಯಾಗಿ ಒಯ್ಯುವಂತಿಲ್ಲ.