ನಮ್ಮ ಮನೆಯ ಪರದೆಗೆ ಅವರ ಬೀಗ!



ಎದೆ ಮುಟ್ಟಿಕೊಂಡು ಉತ್ತರ ಹೇಳಿ. ನಿಮ್ಮ ಮನೆಯ ಮೂಲೆಯಲ್ಲಿ ಹಳೇ ಟವೆಲ್ಲು ಹೊದ್ದುಕೊಂಡು ಒಂದು ಆಲ್-ಇನ್-ಒನ್ ಕಂಪ್ಯೂಟರ್ ಕೂತಿಲ್ಲವೇ? ಪರದೆಯ ಬೆನ್ನಿಗೇ ಇಡೀ ಕಂಪ್ಯೂಟರ್ ಅಂಟಿಸಿರುವ, ಪಕ್ಕದಲ್ಲಿ ಬೇರೆ ಡಬ್ಬಿಯೇ ಇಲ್ಲದ ಆ ಯಂತ್ರ? ಆನ್ ಮಾಡಿದರೆ ಕಾಫಿ ಕಾಸಿ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆದರೆ ಅದರ ಪರದೆ ಮಾತ್ರ ಕನ್ನಡಿಯಂತೆ ಹೊಳೆಯುತ್ತದೆ! ಆ ಪರದೆಯನ್ನು ನಿಮ್ಮ ಲ್ಯಾಪ್‌ಟಾಪಿಗೆ ಮಾನಿಟರ್ ಮಾಡಿಕೊಳ್ಳಲು ಹೋಗಿ ಸೋತವರು ನಿಮ್ಮಲ್ಲಿ ಎಷ್ಟು ಜನ?

ನಾನೂ ಸೋತವನೇ. ನಮ್ಮ ಮನೆ ಇರುವುದು ಆರ್.ಟಿ. ನಗರದಲ್ಲಿ. 2015ರಲ್ಲಿ ಅಮ್ಮ ಚೀಟಿ ಎತ್ತಿದ ದುಡ್ಡಿನಲ್ಲಿ ತಮ್ಮನ ಓದಿಗೆಂದು 23 ಇಂಚಿನ ಆಲ್-ಇನ್-ಒನ್ ತಂದೆವು. ತಮ್ಮ ಓದಿದ, ಕೆಲಸ ಹಿಡಿದ. ಈಗ ಮನೆಯಲ್ಲೇ ಕೂತು 14 ಇಂಚಿನ ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಯುತ್ತಾನೆ. ಕತ್ತು ಬಗ್ಗಿ ಬಗ್ಗಿ ನೋವು. ಒಂದು ದಿನ ಕೇಳಿದ: "ಅಣ್ಣಾ, ಆ ಹಳೇದನ್ನೇ ಮಾನಿಟರ್ ಮಾಡ್ಕೊಂಡ್ರೆ ಹೇಗೆ?"

ನ್ಯಾಯವಾದ ಮಾತು. ಎಚ್‌ಡಿಎಂಐ ಕೇಬಲ್ ತಂದೆ. ಎರಡೂ ಕಡೆ ಸಿಕ್ಕಿಸಿದೆ. ಪರದೆ ಮಿಸುಕಲಿಲ್ಲ! ಕೊಂಡ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಹಿಂದಿಯಲ್ಲಿ ಏನೋ ಹೇಳಿದ. ನನಗೆ ತಿಳಿದದ್ದು ಎರಡೇ ಪದ: 'ಔಟ್' ಮತ್ತು 'ನ್ಯೂ ಮಾನಿಟರ್'. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನು. ಅವನಿಗೆ ನಾಲ್ಕು ಮಾತು ಕನ್ನಡ ಕಲಿಸದೆ ಕನ್ನಡದ ಗಿರಾಕಿಯ ಮುಂದೆ ನಿಲ್ಲಿಸಿದ ಧಣಿಗಳ ಮೇಲೆ ನನ್ನ ಸಿಟ್ಟು. ಸಾವಿರಾರು ರೂಪಾಯಿ ತೆತ್ತು ಕೊಂಡ ವಸ್ತು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನಮ್ಮ ನುಡಿಯಲ್ಲಿ ಹೇಳುವವರು ಹತ್ತು ವರ್ಷದಲ್ಲಿ ಒಬ್ಬರೂ ಸಿಗಲಿಲ್ಲವಲ್ಲ!

ಹಾಗಾದರೆ ನಾವೇ ಹೇಳೋಣ, ಕೇಳಿ.

ಎಚ್‌ಡಿಎಂಐ ಪೋರ್ಟಿನಲ್ಲಿ ಎರಡು ಜಾತಿ. ಒಂದು ಚಿತ್ರವನ್ನು ಹೊರಗೆ ಕಳಿಸುತ್ತದೆ, ಇನ್ನೊಂದು ಒಳಗೆ ತೆಗೆದುಕೊಳ್ಳುತ್ತದೆ. ನೋಡಲು ಎರಡೂ ಒಂದೇ ಆಕಾರ. ನಿಮ್ಮ ಲ್ಯಾಪ್‌ಟಾಪಿನದು ಹೊರಗೆ ಕಳಿಸುವ ಪೋರ್ಟ್. ಬಹುಪಾಲು ಆಲ್-ಇನ್-ಒನ್‌ಗಳಲ್ಲಿ ಇರುವುದೂ ಅದೇ! ಎರಡು ನಲ್ಲಿಗಳಿಗೆ ಒಂದೇ ಪೈಪು ಸಿಕ್ಕಿಸಿದರೆ ಕೊಡ ತುಂಬುತ್ತದೆಯೇ? ಇಲ್ಲಿಯ ಕಥೆಯೂ ಅಷ್ಟೇ. ಯುಎಸ್‌ಬಿ ತಂತಿ ಎಳೆದು ಎರಡೂ ಯಂತ್ರಗಳನ್ನು ಜೋಡಿಸಿದರೂ ಪರದೆ ಬೆಳಗುವುದಿಲ್ಲ. ಒಳಗೆ ಪರದೆಯಿಂದ ಮದರ್‌ಬೋರ್ಡಿಗೆ ಒಂದು ತೆಳ್ಳನೆಯ ತಂತಿ ಹೋಗಿರುತ್ತದೆ. ಆ ಪರದೆಗೆ ಗೊತ್ತಿರುವ ಒಡೆಯ ಆ ಮದರ್‌ಬೋರ್ಡ್ ಒಬ್ಬನೇ. ಬೋರ್ಡು ಮುದಿಯಾದರೆ ಯೌವನದ ಪರದೆಯೂ ಅದರ ಜೊತೆ ಚಿತೆ ಏರಬೇಕು! ಇದೆಂಥ ಸಹಗಮನ ಸ್ವಾಮಿ?

'ತಾಂತ್ರಿಕವಾಗಿ ಸಾಧ್ಯವಿಲ್ಲ' ಎಂದು ಯಾರಾದರೂ ನಿಮ್ಮ ಕಿವಿಗೆ ಹೂ ಇಟ್ಟರೆ ನಂಬಬೇಡಿ. ಆಪಲ್ ಕಂಪನಿಯ ಐಮ್ಯಾಕ್ ನೋಡಿ. 2009ರ ಕೊನೆಯಲ್ಲಿ ಬಂದ 27 ಇಂಚಿನ ಐಮ್ಯಾಕಿಗೆ ಹೊರಗಿನಿಂದ ಚಿತ್ರ ತೆಗೆದುಕೊಳ್ಳುವ ಸೌಲಭ್ಯವಿತ್ತು. ಕೇಬಲ್ ಸಿಕ್ಕಿಸಿ ಕಮಾಂಡ್ ಮತ್ತು ಎಫ್2 ಕೀಲಿ ಒತ್ತಿದರೆ ಇಡೀ ಕಂಪ್ಯೂಟರ್ ಬರೀ ಮಾನಿಟರ್ ಆಗಿಬಿಡುತ್ತಿತ್ತು. 'ಟಾರ್ಗೆಟ್ ಡಿಸ್‌ಪ್ಲೇ ಮೋಡ್' ಎಂದು ಅದಕ್ಕೆ ಹೆಸರು. 2014ರ ಕೊನೆಯಲ್ಲಿ 5ಕೆ ಪರದೆಯ ಐಮ್ಯಾಕ್ ಬಂತು, ಆ ಸೌಲಭ್ಯ ಅದರಲ್ಲಿ ಇರಲಿಲ್ಲ. ಅಷ್ಟು ದೊಡ್ಡ ಚಿತ್ರ ಹೊರಲು ಆಗಿನ ಕೇಬಲ್ಲಿಗೆ ಶಕ್ತಿ ಇರಲಿಲ್ಲ ಎಂಬುದು ನಿಜ. ಆದರೆ 2017ರ ಐಮ್ಯಾಕಿಗೆ ಹೊಸ ತಲೆಮಾರಿನ ಥಂಡರ್‌ಬೋಲ್ಟ್ ಬಂತಲ್ಲ? ಆಗಲೂ ಸೌಲಭ್ಯ ಮರಳಿ ಬರಲಿಲ್ಲ! 2021ರಲ್ಲಿ ಮಾಂಟೆರೇ ಎಂಬ ತಂತ್ರಾಂಶದ ಜೊತೆ ಏರ್‌ಪ್ಲೇ ಮೂಲಕ ಚಿತ್ರ ಕಳಿಸುವ ದಾರಿ ತೆರೆದರು. ಅದೂ ಹೊಸ ಯಂತ್ರಗಳಿಗೆ ಮಾತ್ರ. ಲೆನೊವೊ, ಎಚ್‌ಪಿ, ಡೆಲ್ ಕಂಪನಿಗಳ ಕೆಲವು ಆಲ್-ಇನ್-ಒನ್ ಮಾದರಿಗಳಲ್ಲಿಯೂ ಒಳಗೆ ತೆಗೆದುಕೊಳ್ಳುವ ಎಚ್‌ಡಿಎಂಐ ಇದೆ. ಅಂದರೆ ಅರ್ಥವೇನು? ಬಾಗಿಲು ಇಡಲು ಬರುತ್ತದೆ. ಇಡುವ ಮನಸ್ಸಿಲ್ಲ!

ಈಗ ಯಾಕೆ ಈ ಗಲಾಟೆ ಎನ್ನುತ್ತೀರಾ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಬೇಕು, ಅವರು ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ನಮ್ಮ ಮನೆಯದರಂಥ ಹತ್ತು ವರ್ಷದ ಯಂತ್ರಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವೆಲ್ಲ ಎಲ್ಲಿಗೆ ಹೋಗಬೇಕು? ಗುಜರಿಗೆ! ಚೆನ್ನಾಗಿ ಬೆಳಗುವ ಪರದೆಯನ್ನು ತಕ್ಕಡಿಗೆ ಹಾಕಿ ಕೆಜಿ ಲೆಕ್ಕದಲ್ಲಿ ಕೊಡಬೇಕು. ನಂತರ ಅದೇ ಅಳತೆಯ ಪರದೆಯನ್ನು ಸಾವಿರಗಳ ಲೆಕ್ಕದಲ್ಲಿ ಕೊಳ್ಳಬೇಕು. ಇದಕ್ಕಿಂತ ದೊಡ್ಡ ಹಗಲು ದರೋಡೆ ಉಂಟೇ?

ಗುಜರಿಗೆ ಹಾಕುವ ಮೊದಲು ಈ ನಾಲ್ಕು ದಾರಿ ನೋಡಿ.

ಮೊದಲನೆಯದು, ಯಂತ್ರವನ್ನು ತಿರುಗಿಸಿ ಪೋರ್ಟ್ ಪಕ್ಕದ ಅಕ್ಷರ ಓದಿ. 'ಇನ್' ಎಂದಿದ್ದರೆ ನೀವು ಗೆದ್ದಿರಿ. ಕೇಬಲ್ ಸಿಕ್ಕಿಸಿ, ಮೂಲ ಬದಲಿಸುವ ಗುಂಡಿ ಒತ್ತಿ. 'ಔಟ್' ಎಂದಿದ್ದರೆ, ಅಥವಾ ಬರೀ ಎಚ್‌ಡಿಎಂಐ ಎಂದಷ್ಟೇ ಇದ್ದರೆ, ಮಾದರಿಯ ಸಂಖ್ಯೆ ಹಿಡಿದು ಕೈಪಿಡಿಯಲ್ಲಿ ಹುಡುಕಿ ಖಾತ್ರಿ ಮಾಡಿಕೊಳ್ಳಿ.

ಎರಡನೆಯದು ವೈ-ಫೈ ದಾರಿ. ಹಳೇ ಯಂತ್ರದಲ್ಲಿ ವಿಂಡೋಸ್ 10 ಇನ್ನೂ ಓಡುತ್ತಿದ್ದರೆ, ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ 'ವೈರ್‌ಲೆಸ್ ಡಿಸ್‌ಪ್ಲೇ' ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ 'ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ' ತೆರೆದು ಅನುಮತಿ ಕೊಡಿ. ಆಮೇಲೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯ ಜೊತೆ ಕೆ ಒತ್ತಿ. ಎರಡೂ ಯಂತ್ರಗಳ ವೈ-ಫೈ ಇದಕ್ಕೆ ಒಗ್ಗಬೇಕು. ಬರೆಯಲು, ಓದಲು, ಲೆಕ್ಕದ ಹಾಳೆ ತೆರೆದಿಡಲು ಧಾರಾಳ ಸಾಕು. ಆಟ ಆಡಲು ಆಗದು, ಚಿತ್ರ ಒಂದು ಗಳಿಗೆ ಹಿಂದೆ ಬೀಳುತ್ತದೆ. ನನ್ನ ತಮ್ಮ ಈಗ ಹೀಗೇ ಕೆಲಸ ಮಾಡುತ್ತಿದ್ದಾನೆ. ಕತ್ತು ನೆಟ್ಟಗಾಗಿದೆ! ಒಂದು ಎಚ್ಚರಿಕೆ: ಬೆಂಬಲ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ಮೂರನೆಯದು ಗಟ್ಟಿ ದಾರಿ. ಮದರ್‌ಬೋರ್ಡ್ ಪೂರ್ತಿ ಸತ್ತಿದ್ದರೂ ಪರದೆ ಬದುಕಿರಬಹುದು. ಅದನ್ನು ಬಿಚ್ಚಿದರೆ ಬೆನ್ನ ಮೇಲೆ ಒಂದು ಮಾದರಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಸರಿಹೊಂದುವ ಎಲ್‌ಸಿಡಿ ಕಂಟ್ರೋಲರ್ ಬೋರ್ಡ್ ಜೋಡಿಸಿ ಕರೆಂಟು ಕೊಟ್ಟರೆ, ಒಳಬರುವ ಎಚ್‌ಡಿಎಂಐ ಇರುವ ಅಪ್ಪಟ ಮಾನಿಟರ್ ತಯಾರು. ಇಂಥ ಬಿಡಿಭಾಗಗಳಿಗೆ ಮೊದಲು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಎಸ್.ಪಿ. ಅಂದರೆ ಸದರ್ ಪತ್ರಪ್ಪ, ಹೆಸರು ಮರೆಯಬೇಡಿ! ಆದರೆ ನೀವೇ ಸ್ಕ್ರೂಡ್ರೈವರ್ ಹಿಡಿದು ಹೊರಡಬೇಡಿ. ಕರೆಂಟಿನ ಭಾಗ ಒಳಗೇ ಇರುವ ಯಂತ್ರಗಳಲ್ಲಿ ಪ್ಲಗ್ ಕಿತ್ತ ಮೇಲೂ ಹೊಡೆತ ಉಳಿದಿರುತ್ತದೆ. ಕೈ ಪಳಗಿದ ಮೆಕ್ಯಾನಿಕ್ ಬಳಿ ಒಯ್ಯಿರಿ.

ನಾಲ್ಕನೆಯದು, ಮಾನಿಟರ್ ಆಗದಿದ್ದರೆ ಕಂಪ್ಯೂಟರಾಗಿಯೇ ಬದುಕಿಸಿ. ಕಾಸು ಕೇಳದ ಲಿನಕ್ಸ್ ಹಾಕಿ, ಬೀದಿಯ ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸಲು ಕೊಡಿ.

ಇನ್ನು ಭಾಷೆಯ ಮಾತಿಗೆ ಬರೋಣ. ಇಷ್ಟು ಸಣ್ಣ ವಿಷಯ, ಇನ್ ಮತ್ತು ಔಟ್, ಕೊಳ್ಳುವ ದಿನವೇ ನಮಗೇಕೆ ತಿಳಿಯಲಿಲ್ಲ? ಪೆಟ್ಟಿಗೆಯ ಮೇಲೆ ಕನ್ನಡವಿಲ್ಲ, ಕೈಪಿಡಿಯಲ್ಲಿ ಕನ್ನಡವಿಲ್ಲ, ಮಾರುವವನ ಬಾಯಲ್ಲೂ ಕನ್ನಡವಿಲ್ಲ. ದೆಹಲಿಯ ಕಾನೂನು ಏನು ಹೇಳುತ್ತದೆ ಗೊತ್ತೇ? 2011ರ ಪೊಟ್ಟಣ ಸರಕುಗಳ ಮಾಪನ ನಿಯಮದ ಪ್ರಕಾರ ಪೆಟ್ಟಿಗೆಯ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಅದರ ಜೊತೆಗೆ ಬೇರೆ ಭಾಷೆ ಹಾಕಿಕೊಂಡರೆ ತಡೆ ಇಲ್ಲವಂತೆ! ಬೆಲೆ, ತಯಾರಕರ ಹೆಸರುಗಳಿಗೇ ಈ ಗತಿ. ಇನ್ನು ಪೋರ್ಟಿನ ವಿವರ ಕನ್ನಡದಲ್ಲಿ ಕೊಡಿ ಎಂದರೆ ಯಾರು ಕೇಳುತ್ತಾರೆ?

ನಮ್ಮ ರಾಜ್ಯವೇನೋ 'ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022' ತಂದಿತು. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಕನ್ನಡವಿರಬೇಕೆಂದು 2025ರ ಫೆಬ್ರವರಿಯಲ್ಲಿ ಆದೇಶವೂ ಆಯಿತು. ಸಂತೋಷ. ಆದರೆ ಹೊರಗೆ ತಯಾರಾಗಿ ಇಲ್ಲಿಗೆ ಬರುವ ಕಂಪ್ಯೂಟರಿಗೆ? 2024ರ ತಿದ್ದುಪಡಿಯಿಂದ ಅಂಗಡಿಯ ನಾಮಫಲಕದಲ್ಲಿ 60 ಭಾಗ ಕನ್ನಡ ಬಂತು. ಫಲಕದ ಕೆಳಗೆ ಮಾರುವ ಪೆಟ್ಟಿಗೆಯಲ್ಲಿ ಎಷ್ಟು ಭಾಗ ಬಂತು? ಬೋರ್ಡಿನ ಮೇಲೆ ಕನ್ನಡ ನೋಡಿ ಚಪ್ಪಾಳೆ ಹೊಡೆದು ಮನೆಗೆ ಬಂದರೆ ಸಾಲದು ಮಿತ್ರರೇ. ಕೊಳ್ಳುವ ವಸ್ತು ನಮ್ಮ ನುಡಿಯಲ್ಲಿ ಮಾತಾಡದಿದ್ದರೆ, ಆ ಬೋರ್ಡು ಬರೀ ತೋರಣ.

'ಕಂಪ್ಯೂಟರ್ ವಿಷಯ ಕನ್ನಡದಲ್ಲಿ ಹೇಳಲು ಆಗೋಲ್ಲ ರೀ' ಎನ್ನುವ ಪಂಡಿತರಿದ್ದಾರೆ. ಕಂಪ್ಯೂಟರಿಗೆ ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರು ಹಾಗೆಂದು ಕೈಕಟ್ಟಿ ಕೂತರೇ? 1998ರಲ್ಲಿ 'ಬರಹ' ತಂತ್ರಾಂಶ ಹೊರತಂದ ಶೇಷಾದ್ರಿವಾಸು ಕೂತರೇ? 'ನುಡಿ' ಕೊಟ್ಟ ಕನ್ನಡ ಗಣಕ ಪರಿಷತ್ತು ಕೂತಿತೇ? ಯಂತ್ರದ ಒಳಗನ್ನು ಅರಿತ ಕನ್ನಡಿಗರು ಅದಕ್ಕೆ ಕನ್ನಡ ಕಲಿಸಿದರು. ನಾವು ಯಂತ್ರದ ಹೊರಗಿನ ಪೋರ್ಟ್ ಯಾವುದೆಂದು ಕೇಳಲೂ ನಾಚುತ್ತೇವೆ!

ತಪ್ಪು ನಮ್ಮದೂ ಇದೆ. ಕಾರ್ಡು ಉಜ್ಜುವ ಮೊದಲು ಹರಕು ಮುರುಕು ಹಿಂದಿಯಲ್ಲಿ 'ಕಿತನಾ' ಎಂದು ಕೇಳಿದವರು ನಾವೇ. ಕನ್ನಡದಲ್ಲಿ ಕೇಳಿದರೆ ಮರ್ಯಾದೆ ಹೋಗುತ್ತದೆಂದು ಹೆದರಿದವರು ನಾವೇ. ಆರ್.ಟಿ. ನಗರವೆಂದರೆ ರವೀಂದ್ರನಾಥ ಟ್ಯಾಗೋರ್ ನಗರ. ತನ್ನ ತಾಯ್ನುಡಿ ಬಂಗಾಳಿಯಲ್ಲಿ ಬರೆದು ಲೋಕ ಗೆದ್ದ ಕವಿಯ ಹೆಸರಿನ ಬಡಾವಣೆಯಲ್ಲಿ ನಿಂತು ನಮ್ಮ ನುಡಿಯಾಡಲು ನಾವು ಅಳುಕುವುದೇ? ನಾಚಿಕೆಯಾಗಬೇಕು!

ಆದ್ದರಿಂದ, ಗೆಳೆಯರೇ, ಮುಂದಿನ ಸಲ ಆಲ್-ಇನ್-ಒನ್ ಕೊಳ್ಳಲು ಹೋದಾಗ ಕೌಂಟರಿನ ಮುಂದೆ ನೆಟ್ಟಗೆ ನಿಂತು, ಸೌಜನ್ಯದಿಂದ, ಕನ್ನಡದಲ್ಲಿ ಮೂರು ಪ್ರಶ್ನೆ ಕೇಳಿ. ಈ ಎಚ್‌ಡಿಎಂಐ ಒಳಗೆ ತೆಗೆದುಕೊಳ್ಳುವುದೋ, ಹೊರಗೆ ಕಳಿಸುವುದೋ? ಕಂಪ್ಯೂಟರ್ ಕೆಟ್ಟರೂ ಪರದೆ ಬಳಸಬಹುದೋ? ಇದನ್ನು ಬಿಲ್ಲಿನ ಮೇಲೆ ಬರೆದುಕೊಡುತ್ತೀರೋ? ಉತ್ತರ ಸಿಗದಿದ್ದರೆ ಕೊಳ್ಳಬೇಡಿ, ಎದ್ದು ಬನ್ನಿ. ಮಾನಿಟರ್ ಬೇರೆ, ಡಬ್ಬಿ ಬೇರೆ ಇರುವ ಕಂಪ್ಯೂಟರ್ ಕೊಳ್ಳಿ. ಡಬ್ಬಿ ಹಳೇದಾದರೂ ಮಾನಿಟರ್ ಉಳಿಯುತ್ತದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಕೊಳ್ಳುವ ವಸ್ತುವಿನ ಬಗ್ಗೆ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು, ಯಾರದೋ ಭಿಕ್ಷೆಯಲ್ಲ.

ಒಬ್ಬ ಕೇಳಿದರೆ ಅಂಗಡಿಯವನು ನಗುತ್ತಾನೆ. ಹತ್ತು ಜನ ಕೇಳಿದರೆ ಯೋಚಿಸುತ್ತಾನೆ. ನೂರು ಜನ ಕೇಳಿದರೆ ಪೆಟ್ಟಿಗೆಯ ಮೇಲೆ ಕನ್ನಡ ಬರುತ್ತದೆ, ಯಂತ್ರಕ್ಕೆ ಬಾಗಿಲೂ ಬರುತ್ತದೆ.

ದುಡ್ಡು ನಮ್ಮದು. ಪರದೆ ನಮ್ಮದು. ನುಡಿಯೂ ನಮ್ಮದೇ ಆಗಿರಲಿ.

ಕೇಳಿ. ಕನ್ನಡದಲ್ಲೇ ಕೇಳಿ!